ಟೆಂಡರ್ ಯಾರಿಗಾಯ್ತು ಅಂತ ಕೇಳ್ತೀವಿ, ಎಷ್ಟು ವರ್ಷದ ಹೊಣೆ ಅಂತ ಕೇಳಲ್ಲ

ಈ ವಾರ ಈರುಳ್ಳಿ, ಅಡಿಕೆ ಎರಡೂ ಬಿಟ್ಟು ಬೇರೆ ವಿಷಯ ಬರೀತಿದ್ದೀನಿ. ಉದ್ದ ಇದೆ, ಸಂಜೆ ಪುರುಸೊತ್ತಲ್ಲಿ ಓದಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಈಗ ಎಲ್ಲಿ ನೋಡಿದ್ರೂ ಪೈಪು, ಜೆಸಿಬಿ, ಕಾಲುವೆ. ಹೋಟೆಲಲ್ಲಿ ಕೂತ್ರೆ ಒಂದೇ ಮಾತು, "ಟೆಂಡರ್ ಯಾರಿಗಾಯ್ತಂತೆ?" ಅವರ ಕಡೆಯವರಿಗಾ, ಇವರ ಕಡೆಯವರಿಗಾ, ಎಷ್ಟು ಪರ್ಸೆಂಟು. ಪರ್ಸೆಂಟಿನ ಕಥೆ ಸುಳ್ಳು ಅಂತ ನಾನು ಹೇಳಲ್ಲ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದವರೇ 40 ಪರ್ಸೆಂಟ್ ಅಂತ ಪ್ರಧಾನಿಗೆ ಪತ್ರ ಬರೆದದ್ದು ಎಲ್ಲರಿಗೂ ಗೊತ್ತು. ಆದರೆ ಅದನ್ನ ನಾವು ಕಟ್ಟೆ ಮೇಲೆ ಕೂತು ಸರಿ ಮಾಡೋಕಾಗಲ್ಲ. ನಾವು ಮಾಡಬಹುದಾದ ಕೆಲಸ ಬೇರೆ ಇದೆ. ಕರಾರು ಪತ್ರದಲ್ಲಿ ಏನು ಬರೆದಿದ್ದಾರೆ ಅಂತ ಓದೋದು. ಅದನ್ನ ಯಾರೂ ಓದಲ್ಲ.

ಮೊದಲು ಇದು ಹೇಗೆ ನಡೆಯುತ್ತೆ ಅಂತ ಚುಟುಕಾಗಿ ಹೇಳ್ತೀನಿ. ಇಲಾಖೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡ್ತಾರೆ. ಮಣ್ಣು ಅಗೆಯೋಕೆ ಘನ ಮೀಟರಿಗೆ ಇಷ್ಟು, ಕಾಂಕ್ರೀಟಿಗೆ ಇಷ್ಟು ಅಂತ ಇಲಾಖೆಯ ಎಸ್.ಆರ್. ದರ ಇರುತ್ತೆ, ಅದರ ಮೇಲೆ ಲೆಕ್ಕ. ಮೇಲಿನವರು ಮಂಜೂರು ಮಾಡಿದ ಮೇಲೆ ಟೆಂಡರ್ ಕರೀತಾರೆ. ಇದಕ್ಕೆಲ್ಲ ಕಾನೂನು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಕೆ.ಟಿ.ಪಿ.ಪಿ. ಅಂತಾರಲ್ಲ ಅದು. ಸಾಮಾನ್ಯವಾಗಿ ಎರಡು ಲಕೋಟೆ. ಒಂದರಲ್ಲಿ ಈ ಕೆಲಸ ಮಾಡೋ ತಾಕತ್ತು ಇದೆ ಅನ್ನೋ ದಾಖಲೆ, ಇನ್ನೊಂದರಲ್ಲಿ ದರ. ಮೊದಲನೇದರಲ್ಲಿ ಪಾಸಾದವರದ್ದು ಮಾತ್ರ ಎರಡನೇದು ತೆಗೀತಾರೆ, ಕಡಿಮೆ ಹಾಕಿದವರಿಗೆ ಕೆಲಸ. ಈಗ ಲಕೋಟೆ ಅನ್ನೋದು ಹೆಸರಿಗೆ, ಎಲ್ಲ ಆನ್‌ಲೈನು.

ಟೆಂಡರ್ ಇಲ್ಲದೇನೂ ಕೆಲಸ ಹೋಗುತ್ತೆ. ಅದೇ ಕಾಯ್ದೆಯಲ್ಲಿ 4(ಜಿ) ಅಂತ ಒಂದು ಕಿಂಡಿ ಇಟ್ಟಿದ್ದಾರೆ, ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡಬಹುದು. ನಮ್ಮೂರ ಹಿರೀಕರು ಇವತ್ತಿಗೂ ಲ್ಯಾಂಡ್ ಆರ್ಮಿ ಅಂತ ಕರೆಯೋ ಕೆಆರ್‌ಐಡಿಎಲ್‌ಗೆ, ನಿರ್ಮಿತಿ ಕೇಂದ್ರಗಳಿಗೆ ಈ ದಾರೀಲೇ ಕೆಲಸ ಹೋಗೋದು. ತುರ್ತು ಕೆಲಸಕ್ಕೆ ಕಿಂಡಿ ಬೇಕು, ಒಪ್ಪೋಣ. ಆದರೆ ಕಿಂಡಿಯಲ್ಲೇ ಎತ್ತಿನಗಾಡಿ ಹೊಡೆಯೋದನ್ನ ಒಪ್ಪೋಕಾಗಲ್ಲ.

ಇನ್ನು ಮುಖ್ಯ ವಿಷಯ. ಕರಾರಿನಲ್ಲಿ ದೊಡ್ಡದಾಗಿ ಎರಡು ಜಾತಿ.

ಅಡಿಕೆ ಚೇಣಿ ಕೊಡೋರಿಗೆ ಇದು ಬೇಗ ಅರ್ಥ ಆಗುತ್ತೆ. ತೂಕದ ಮೇಲೆ ಕೊಡೋದು ಒಂದು, ತೋಟ ನೋಡಿ ಇಡಿಯಾಗಿ ಇಷ್ಟು ಅಂತ ಕೊಡೋದು ಇನ್ನೊಂದು. ತೂಕದ್ದಾದರೆ ನಾವು ತಕ್ಕಡಿ ಹತ್ರ ನಿಲ್ಲಬೇಕು. ಇಡೀ ತೋಟದ್ದಾದರೆ ತಕ್ಕಡಿ ಹತ್ರ ನಿಂತು ಪ್ರಯೋಜನ ಇಲ್ಲ, ಮಾತಾಡೋವಾಗಲೇ ಕೊನೆ ಕೊಯ್ಲು ಯಾವಾಗ, ಮರ ಮುರಿದರೆ ಯಾರು, ದುಡ್ಡು ಯಾವ ಕಂತಲ್ಲಿ ಅಂತ ಗಟ್ಟಿ ಮಾಡ್ಕೋಬೇಕು.

ಸರ್ಕಾರದ ಕೆಲಸವೂ ಹಾಗೇ. ಚೆಕ್ ಡ್ಯಾಂ, ಚರಂಡಿ, ಸಣ್ಣ ರಸ್ತೆ ಇವೆಲ್ಲ ಬಹುತೇಕ ಅಳತೆಯ ಗುತ್ತಿಗೆ. ಕರಾರಿನ ಜೊತೆ ಒಂದು ಪಟ್ಟಿ ಇರುತ್ತೆ, ಷೆಡ್ಯೂಲ್ ಬಿ ಅಂತಾರೆ. ಅಗೆತ ಇಷ್ಟು, ಕಲ್ಲು ಇಷ್ಟು, ಕಾಂಕ್ರೀಟು ಇಷ್ಟು, ಕಬ್ಬಿಣ ಇಷ್ಟು. ಕೆಲಸ ಆದಂಗೆ ಜೆಇ ಬಂದು ಅಳೆದು ಎಂ.ಬಿ. ಪುಸ್ತಕದಲ್ಲಿ ಬರೀಬೇಕು, ಮೇಲಿನ ಎಂಜಿನಿಯರ್ ಚೆಕ್ ಮಾಡಬೇಕು, ಆಮೇಲೆ ಬಿಲ್. ಇಲ್ಲಿ ಮೋಸ ಆದರೆ ಅಳತೆಯಲ್ಲಿ ಆಗುತ್ತೆ. ಒಂದು ಟೇಪು, ಪಟ್ಟಿಯ ಒಂದು ಜೆರಾಕ್ಸ್ ಇದ್ದರೆ ಎಸ್ಸೆಸ್ಸೆಲ್ಸಿ ಓದಿದವನೂ ಹಿಡೀಬಹುದು. ಅಡಿಪಾಯ ಮುಚ್ಚೋಕೆ ಮುಂಚೆ ಹೋಗಬೇಕು ಅಷ್ಟೇ. ಮಣ್ಣು ಮುಚ್ಚಿದ ಮೇಲೆ ಆಳ ಎಷ್ಟಿತ್ತು ಅನ್ನೋದು ಪುಸ್ತಕದಲ್ಲಿ ಬರೆದದ್ದೇ ಸತ್ಯ.

ಇನ್ನೊಂದು ಟರ್ನ್‌ಕೀ. ಸರ್ವೆ ನೀನೇ ಮಾಡು, ಡಿಸೈನ್ ನೀನೇ ಮಾಡು, ಪಂಪು ಪೈಪು ನೀನೇ ತಾ, ನೀರು ಬರಿಸಿ ಕೊಡು, ಒಟ್ಟು ಇಷ್ಟು ಕೋಟಿ ಅನ್ನೋದು. ದೊಡ್ಡ ನೀರಾವರಿ ಕೆಲಸ, ಏತ ನೀರಾವರಿ, ಕೆರೆ ತುಂಬಿಸೋದು ಈಚೆಗೆ ಹೆಚ್ಚಾಗಿ ಈ ಜಾತಿಯವು. ಇದರಲ್ಲಿ ದುಡ್ಡು ಹೋಗೋದು ಹಂತದ ಲೆಕ್ಕದಲ್ಲಿ. ಪೈಪು ತಂದು ಇಳಿಸಿದರೆ ಇಷ್ಟು, ಹೂತರೆ ಇಷ್ಟು, ಪಂಪು ಕೂರಿಸಿದರೆ ಇಷ್ಟು. ಇಲ್ಲಿ ನಾವು ಟೇಪು ಹಿಡ್ಕೊಂಡು ಹೋದ್ರೆ ನಗ್ತಾರೆ. ನೋಡಬೇಕಾದ್ದು ಎರಡೇ. ನೀರು ಬಂದದ್ದು ಪರೀಕ್ಷೆ ಆದ ಮೇಲೆ ಕೊಡೋದಕ್ಕೆ ಎಷ್ಟು ದುಡ್ಡು ಉಳಿಸಿಕೊಂಡಿದ್ದಾರೆ? ಆಮೇಲೆ ಎಷ್ಟು ವರ್ಷ ಅವರೇ ನಡೆಸಿ ದುರಸ್ತಿ ಮಾಡಬೇಕು? ಎಲ್ಲ ದುಡ್ಡೂ ಪೈಪಿನ ಜೊತೆಗೇ ಹೋಗಿಬಿಟ್ಟಿದ್ದರೆ ನೀರು ಬರಿಸೋ ಅವಸರ ಯಾರಿಗಿರುತ್ತೆ ಹೇಳಿ.

ನಮ್ಮ ಭಾಗಕ್ಕೆ ಇದು ಯಾಕೆ ಮುಖ್ಯ ಅಂದ್ರೆ, ಭದ್ರಾ ಮೇಲ್ದಂಡೆ. ತುಂಗಾದಿಂದ 17.40 ಟಿಎಂಸಿ ಎತ್ತಿ ಭದ್ರಾಕ್ಕೆ ಹಾಕೋದು, ಭದ್ರಾದ 12.50 ಸೇರಿಸಿ ಒಟ್ಟು 29.90 ಟಿಎಂಸಿ ತರೀಕೆರೆ ಕಡೆಯಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಚಿತ್ರದುರ್ಗ, ತುಮಕೂರು ಕಡೆಗೆ ಒಯ್ಯೋದು. ನಡೆಸ್ತಿರೋದು ವಿಶ್ವೇಶ್ವರಯ್ಯ ಜಲ ನಿಗಮ. 2023ರ ಕೇಂದ್ರ ಬಜೆಟ್ಟಲ್ಲಿ 5,300 ಕೋಟಿ ಕೊಡ್ತೀವಿ ಅಂದ್ರಲ್ಲ, ಅದೇ ಯೋಜನೆ. ಆ 5,300 ಕೋಟಿ ಬಗ್ಗೆ ಎಲ್ಲ ಪಕ್ಷದವರೂ ಭಾಷಣ ಮಾಡ್ತಾರೆ. ಆದರೆ ಇದು ಹಳೇ ಕಾಲದ ಹಾಗೆ ತೂಬು ಎತ್ತಿ ಹೊಲಕ್ಕೆ ನೀರು ಬಿಡೋ ಯೋಜನೆ ಅಲ್ಲ. 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ, ಅಂದ್ರೆ ಹನಿ, ತುಂತುರು. ನೀರು ನಮ್ಮ ಹೊಲಕ್ಕೆ ಬರೋದು ಪಂಪು, ಫಿಲ್ಟರು, ವಾಲ್ವು ಇವೆಲ್ಲ ಸರಿಯಾಗಿದ್ದರೆ ಮಾತ್ರ. ಒಂದು ವಾಲ್ವ್ ಕೆಟ್ಟರೆ ಆ ಬ್ಲಾಕಿನವರಿಗೆಲ್ಲ ನೀರಿಲ್ಲ. ಇದರ ಜೊತೆ ತರೀಕೆರೆ, ಕಡೂರು, ಚಿಕ್ಕಮಗಳೂರು ಭಾಗದ 197 ಕೆರೆ ತುಂಬಿಸೋ ಸುಮಾರು 1,281 ಕೋಟಿಯ ಭದ್ರಾ ಉಪಕಣಿವೆ ಯೋಜನೆ ಬೇರೆ. ಅದೂ ಪಂಪು ಪೈಪಿನದೇ.

ಬಾಗಲಕೋಟೆ ಜಿಲ್ಲೆ ಹುನಗುಂದದ ಕಡೆ ರಾಮಥಾಳ ಅಂತ ಒಂದು ಯೋಜನೆ ಇದೆ, ಕೇಳಿರಬಹುದು. ನಾರಾಯಣಪುರ ಜಲಾಶಯದ ಹಿನ್ನೀರಿಂದ 24,000 ಹೆಕ್ಟೇರಿಗೆ ಹನಿ ನೀರಾವರಿ. ಏಷ್ಯಾದಲ್ಲೇ ದೊಡ್ಡದು ಅಂತ ಹೊಗಳಿದ್ರು. ಎರಡು ದೊಡ್ಡ ಕಂಪನಿಗೆ ಹಂಚಿ ಕೊಟ್ಟರು, ಕಟ್ಟೋದಲ್ಲದೆ 5 ವರ್ಷ ನಡೆಸಿಕೊಡೋ ಕರಾರು. ಕರಾರು ಕಾಗದದ ಮೇಲೆ ಚೆನ್ನಾಗೇ ಇತ್ತು. ಆದರೆ ಎಷ್ಟೋ ಹೊಲದಲ್ಲಿ ಡ್ರಿಪ್ ಪೈಪು ಬಳಕೆಯಾಗಲೇ ಇಲ್ಲ, ಉಳುಮೆಯಲ್ಲಿ ಕಿತ್ತುಹೋದವು, ಇಲಿ ಕಡಿದವು, ಕೆಲವರು ಬೆಳೆಗೆ ಒಗ್ಗಲ್ಲ ಅಂತ ಸುತ್ತಿ ಎತ್ತಿಟ್ಟರು. ನಡೆಸೋ ಅವಧಿ ಮುಗಿದ ಮೇಲೆ ಯಾರು ನೋಡ್ಕೋಬೇಕು, ರೈತರ ನೀರು ಬಳಕೆದಾರರ ಸಂಘಕ್ಕೆ ಆ ಶಕ್ತಿ ಇದೆಯಾ ಅನ್ನೋ ಪ್ರಶ್ನೆಗೆ ಮೊದಲೇ ಉತ್ತರ ಹುಡುಕಿರಲಿಲ್ಲ. ಅಲ್ಲಿ ಕಲ್ಲು ಮಣ್ಣಿನ ಕೆಲಸಕ್ಕಿಂತ ಸೋತಿದ್ದು ಕರಾರಿನ ಕೊನೇ ಪುಟ ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಆಗೋದು ಅದರ ಒಂಬತ್ತು ಪಟ್ಟು ದೊಡ್ಡದು.

ಇನ್ನೊಂದು, ಜಮೀನು ಕೈಗೆ ಬರೋ ಮುಂಚೆ ಟೆಂಡರ್ ಕೊಡೋದು. ಅಬ್ಬಿನಹೊಳಲು ಹತ್ರ ಪರಿಹಾರದ ತಕರಾರಿಂದ ಕಾಲುವೆ ವರ್ಷಗಟ್ಟಲೆ ನಿಂತದ್ದು ಅಜ್ಜಂಪುರದವರಿಗೆ ನಾನು ಹೇಳಬೇಕಾಗಿಲ್ಲ. ಪರಿಹಾರ ಕೇಳಿದ ರೈತರದ್ದು ತಪ್ಪು ಅನ್ನೋರು ಇದ್ದಾರೆ. ನನಗೆ ಹಾಗನ್ನಿಸಲ್ಲ. ಜಾಗ ಇತ್ಯರ್ಥ ಆಗದೆ ಕೆಲಸದ ಆದೇಶ ಕೊಟ್ಟರೆ ಕಾಲ ಎಳೆಯುತ್ತೆ, ಎಳೆದಷ್ಟೂ ದರ ಏರುತ್ತೆ, ಕೊನೆಗೆ ರೈತ ಅಡ್ಡ ಬಂದ ಅನ್ನೋ ಹೆಸರು ನಮಗೆ.

ಕಂಟ್ರಾಕ್ಟರನ್ನೇ ಬೈದು ಕೂರೋದೂ ಸರಿಯಲ್ಲ. ಸಣ್ಣ ಕಂಟ್ರಾಕ್ಟರುಗಳ ಕಷ್ಟ ಬೇರೆ. ಹತ್ತಾರು ಕೆಲಸ ಸೇರಿಸಿ ಒಂದು ಪ್ಯಾಕೇಜ್ ಮಾಡಿದರೆ ಅಷ್ಟು ದೊಡ್ಡ ಕೆಲಸ ಮಾಡಿದ ಅನುಭವ ಪತ್ರ ಸ್ಥಳೀಯರ ಹತ್ರ ಎಲ್ಲಿರುತ್ತೆ? ಹೊರಗಿನ ದೊಡ್ಡ ಕಂಪನಿಗೆ ಹೋಗುತ್ತೆ. ಆಮೇಲೆ ಅದೇ ಸ್ಥಳೀಯರು ಅವರ ಕೈಕೆಳಗೆ ಸಬ್ ಕಾಂಟ್ರಾಕ್ಟ್ ಹಿಡಿದು, ಮಧ್ಯದವರ ಪಾಲು ಕಳೆದು ಉಳಿದದ್ದರಲ್ಲಿ ಕೆಲಸ ಮಾಡ್ತಾರೆ. ಉಳಿದದ್ದು ಎಷ್ಟೋ ಅಷ್ಟೇ ಸಿಮೆಂಟು. ಬಿಲ್ಲೂ ಬೇಗ ಆಗಲ್ಲ. ಟೆಂಡರಲ್ಲಿ ಅಂದಾಜಿಗಿಂತ ಬಹಳ ಕಡಿಮೆ ದರ ಹಾಕಿ ಕೆಲಸ ಹಿಡಿದವನನ್ನ ಕಂಡರಂತೂ ನನಗೆ ಭಯ. ಸರ್ಕಾರಕ್ಕೆ ದುಡ್ಡು ಉಳೀತು ಅಂತ ಕಾಗದದಲ್ಲಿ ಕಾಣುತ್ತೆ, ಹಳ್ಳದಲ್ಲಿ ಬೇರೆ ಕಾಣುತ್ತೆ.

ನಮ್ಮ ಜಮೀನಿನ ಕೆಳಗಡೆ ಒಂದು ಚೆಕ್ ಡ್ಯಾಂ ಇದೆ. ಯಾವ ಇಲಾಖೆ ಅಂತ ಹೆಸರು ಬೇಡ. ಕಟ್ಟಿದ ಮಾರನೇ ಮಳೆಗಾಲಕ್ಕೇ ಕೆಳಗಿನ ಹಾಸು ಎದ್ದುಹೋಗಿ ಪಕ್ಕದ ದಂಡೆ ಕೊರೀತು. ಅಕ್ಕಪಕ್ಕದ ನಾಲ್ಕು ಜನ ಆಫೀಸಿಗೆ ಹೋದಾಗ ಬಂದ ಉತ್ತರ, "ಗ್ರಾಂಟ್ ಬಂದ್ರೆ ರಿಪೇರಿ ಮಾಡಿಸ್ತೀವಿ ಕಣಣ್ಣ." ಆಮೇಲೆ ಮಾಹಿತಿ ಹಕ್ಕಲ್ಲಿ ಕಾಗದ ತೆಗೆಸಿದಾಗ ಗೊತ್ತಾಯ್ತು, ಕಟ್ಟಿದವನ ಹೊಣೆ ಅವಧಿ ಇನ್ನೂ ಚಾಲ್ತಿಯಲ್ಲಿತ್ತು. ಡಿ.ಎಲ್.ಪಿ. ಅಂತಾರೆ. ಆ ಅವಧಿಯಲ್ಲಿ ಒಡೆದರೆ ಗ್ರಾಂಟೂ ಬೇಡ, ಏನೂ ಬೇಡ, ಕಟ್ಟಿದವನೇ ಸ್ವಂತ ಖರ್ಚಲ್ಲಿ ಸರಿ ಮಾಡಬೇಕು. ಮಾಡದಿದ್ದರೆ ಇಲಾಖೆ ಹಿಡಿದಿಟ್ಟ ಠೇವಣಿಯಿಂದ ಮಾಡಿಸಬೇಕು. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಂಡ ಮೇಲೆ ಮೂರು ವಾರಕ್ಕೆ ಕಲ್ಲು ಬಂದು ಬಿತ್ತು. ಬಾಯಿ ಮಾತಲ್ಲಿ ಹೇಳಿದ್ದು ಯಾವ ಫೈಲಿಗೂ ಹೋಗಲ್ಲ.

ಪ್ರಧಾನಮಂತ್ರಿ ಗ್ರಾಮ ಸಡಕ್ ರಸ್ತೆಗಳ ಪಕ್ಕ ಬೋರ್ಡ್ ನೋಡಿರ್ತೀರಿ. ಅದರಲ್ಲಿ 5 ವರ್ಷದ ನಿರ್ವಹಣೆ ಅಂತ ಬರೆದಿರುತ್ತೆ. ಕರಾರಿನಲ್ಲೇ ಅದು ಸೇರಿದೆ. ಎಲ್ಲ ಸರಿಯಾಗಿ ನಡೆಯುತ್ತೆ ಅಂತಲ್ಲ, ಆದರೆ ದಾರೀಲಿ ಹೋಗೋನಿಗೂ ಗೊತ್ತಾಗೋ ಹಾಗೆ ಬರೆದಿದ್ದಾರಲ್ಲ, ಅದು ದೊಡ್ಡದು. ಕೆರೆ ತುಂಬಿಸೋ ಪೈಪಿಗೆ, ಹನಿ ನೀರಾವರಿ ಪಂಪ್ ಹೌಸಿಗೆ ಯಾಕೆ ಹಾಗೆ ಬರೀಬಾರದು?

ಹಳಬರಿಗೆ ಈ ಬುದ್ಧಿ ಇತ್ತು. ಕೆರೆ ನೋಡ್ಕೊಳ್ಳೋನಿಗೆ ಕೊಡಗೆ ಅಂತ ಜಮೀನು ಬಿಡ್ತಿದ್ರು, ಹೂಳು ಹೊರೋಕೆ ಬಂಡಿ ಇಡೋದಕ್ಕೂ ದತ್ತಿ ಬಿಟ್ಟದ್ದು ಶಾಸನಗಳಲ್ಲಿ ಇದೆ. ಕೆರೆ ನೋಡ್ಕೊಂಡಷ್ಟು ಕಾಲ ಭೂಮಿ ಅವನದು. ಅಯ್ಯನಕೆರೆ, ಮದಗದ ಕೆರೆ ಇಷ್ಟು ಕಾಲ ನಿಂತದ್ದು ಬರೀ ಕಟ್ಟಿದವರ ಪುಣ್ಯದಿಂದ ಅಲ್ಲ, ಕಟ್ಟಿದ ಮೇಲೆ ಯಾರೋ ನೋಡ್ಕೊಂಡದ್ದರಿಂದ.

ನಮ್ಮ ತಪ್ಪೂ ಇದೆ ಅನ್ನೋದನ್ನ ಹೇಳದೆ ಬಿಟ್ಟರೆ ನ್ಯಾಯ ಆಗಲ್ಲ. ರಾತ್ರಿ ಹೋಗಿ ಏರ್ ವಾಲ್ವ್ ಬಿಚ್ಚಿ ಸ್ವಂತ ತೋಟಕ್ಕೆ ನೀರು ತಿರುಗಿಸೋರು ಇದ್ದಾರೆ, ಯಾರು ಅಂತ ನಿಮಗೂ ಗೊತ್ತು. ಹಾಗೆ ಮಾಡಿದ ದಿನವೇ ಕಂಟ್ರಾಕ್ಟರ್ ಹೊಣೆಯಿಂದ ಜಾರಿಕೊಳ್ಳೋಕೆ ಕಾರಣ ಸಿಕ್ಕಂತೆ. "ರೈತರೇ ಒಡೆದರು" ಅಂತ ಒಂದು ಫೋಟೋ ತೆಗೆದಿಟ್ಟರೆ ಅವನ ಕೆಲಸ ಮುಗೀತು.

ನಿಮ್ಮೂರಲ್ಲಿ ಕೆಲಸ ಶುರುವಾಗಿದ್ದರೆ ಹೀಗೆ ಮಾಡಿ. ರಾಜ್ಯದ ಟೆಂಡರ್ ಪೋರ್ಟಲ್, ಕೆಪಿಪಿಪಿ ಅಂತ ಇದೆ, ಟೆಂಡರ್ ಪ್ರಕಟಣೆ ಯಾರು ಬೇಕಾದರೂ ಹುಡುಕಿ ನೋಡಬಹುದು. ಮನೆಯಲ್ಲಿ ಓದೋ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ಕೆಲಸದ ಹೆಸರು, ಮೊತ್ತ, ಮುಗಿಸೋ ಅವಧಿ ಬರ್ಕೊಳ್ಳಿ. ಆಮೇಲೆ ಆ ಎಂಜಿನಿಯರ್ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು, ಅದಕ್ಕೇ ಊರ ಕಷ್ಟ ಎಲ್ಲ ಬರೀಬೇಡಿ. "ಕರಾರು ಪತ್ರ, ಷೆಡ್ಯೂಲ್ ಬಿ, ಪಾವತಿ ಹಂತಗಳ ಪಟ್ಟಿ, ಹೊಣೆ ಮತ್ತು ನಿರ್ವಹಣೆ ಅವಧಿಯ ಷರತ್ತು, ಇವುಗಳ ದೃಢೀಕೃತ ಪ್ರತಿ ಕೊಡಿ" ಅಂತ ಬರೆದರೆ ಆಯ್ತು. 30 ದಿನದಲ್ಲಿ ಉತ್ತರ ಕೊಡಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನ ಸ್ಥಳದಲ್ಲೇ ಪರಿಶೀಲಿಸೋ ಹಕ್ಕು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯೋ ಹಕ್ಕು ಕೂಡ ನಮಗೆ ಕೊಟ್ಟಿದ್ದಾರೆ.

ಕಾಗದ ಬಂದ ಮೇಲೆ ಮೊದಲು ತೆಗೆಯಬೇಕಾದ್ದು ಮೊತ್ತದ ಪುಟ ಅಲ್ಲ. ನಿರ್ವಹಣೆ ಎಷ್ಟು ವರ್ಷ, ಆ ಅವಧಿಯಲ್ಲಿ ಪಂಪಿನ ಕರೆಂಟ್ ಬಿಲ್ ಯಾರದು, ಮುಗಿದ ಮೇಲೆ ಯಾರಿಗೆ ಹಸ್ತಾಂತರ. ಪಂಚಾಯ್ತಿಗೆ ಅಂತ ಇದ್ದರೆ ಪಂಚಾಯ್ತಿ ಹತ್ರ ಆ ಬಿಲ್ ಕಟ್ಟೋ ದುಡ್ಡಿದೆಯಾ ಅಂತ ಗ್ರಾಮಸಭೆಯಲ್ಲೇ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ನೀರು ಬಳಕೆದಾರರ ಸಂಘಕ್ಕೆ ಅಂತ ಇದ್ದು, ಸಂಘಕ್ಕೆ ಸಹಿ ಹಾಕಿ ಅಂತ ಬಂದರೆ ಓದದೆ ಹಾಕಬೇಡಿ. ಆ ಸಹಿ ಬಿದ್ದ ದಿನದಿಂದ ಕೆಟ್ಟ ಮೋಟರ್ ನಮ್ಮದು.

ನಮ್ಮ ಹೋಬಳಿಯ ಕೆರೆಗಳಿಗೆ ಬರ್ತಿರೋ ಪೈಪ್‌ಲೈನಿನ ಕರಾರಿಗೆ ಅರ್ಜಿ ಬರೆದಿಟ್ಟಿದ್ದೀನಿ, ಸೋಮವಾರ ಪೋಸ್ಟ್ ಮಾಡ್ತೀನಿ. ಪ್ರತಿ ಬಂದರೆ ನಿರ್ವಹಣೆಯ ಪುಟಗಳ ಫೋಟೋ ಇಲ್ಲೇ ಹಾಕ್ತೀನಿ. ತರೀಕೆರೆ, ಅಜ್ಜಂಪುರ ಕಡೆಯವರು ಯಾರಾದರೂ ಆಗಲೇ ತೆಗೆಸಿದ್ದರೆ ನೀವೂ ಹಾಕಿ, ಪಕ್ಕಪಕ್ಕ ಇಟ್ಟು ನೋಡೋಣ. ಒಂದೇ ನಿಗಮ ಒಂದೊಂದು ಪ್ಯಾಕೇಜಿಗೆ ಒಂದೊಂದು ಅವಧಿ ಬರೆದಿದ್ದರೆ ಯಾಕೆ ಅಂತ ಕೇಳೋಕೆ ಅಷ್ಟು ಸಾಕು.