ಕಟ್ಟುವವರೂ ಕಾಯುವವರೂ

ಕುಣಿಗಲ್ ಕೆರೆಯ ಸೊಬಗನ್ನು ಕೊಂಡಾಡುವ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಕೆರೆಯೊಂದು ತಲೆಮಾರುಗಳ ಕಾಲ ಉಳಿಯುವುದು ಅದನ್ನು ಕಟ್ಟಿಸಿದವರ ಕೀರ್ತಿಯಿಂದಲ್ಲ. ತೂಬನ್ನು ನೋಡಿಕೊಳ್ಳುವ, ಏರಿಯ ಬಿರುಕನ್ನು ಮಳೆಗಾಲಕ್ಕೆ ಮುಂಚೆಯೇ ಕಂಡು ಹೇಳುವ ನೀರುಗಂಟಿಯ ದುಡಿಮೆಯಿಂದ. ಗಣಕಯಂತ್ರದ ಲೋಕದಲ್ಲಿಯೂ ಇಂತಹ ನೀರುಗಂಟಿಗಳಿದ್ದಾರೆ. ನಮ್ಮ ವಿದ್ಯಾರ್ಥಿಗಳು ಅವರ ಕೆಲಸವನ್ನು ಅರಿಯಬೇಕು, ಅದರಲ್ಲಿ ಪಾಲುಗೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಅದೇ ತಾಲ್ಲೂಕಿನ ಅಮೃತೂರಿನಲ್ಲಿ ವಿದ್ಯಾರ್ಥಿಯೊಬ್ಬನು ಗಣಕಯಂತ್ರದಲ್ಲಿ ತನ್ನ ಊರಿನ ಹೆಸರನ್ನು ಬರೆಯುವನೆಂದು ಭಾವಿಸೋಣ. ತೆರೆಯ ಮೇಲೆ ಕಾಣುವುದು ನಾಲ್ಕು ಅಕ್ಷರ. ಯಂತ್ರದ ನೆನಪಿನಲ್ಲಿರುವುದಾದರೋ ಏಳು ಯೂನಿಕೋಡ್ ಸಂಕೇತಗಳು: ಅ, ಮ, ಋಕಾರದ ಚಿಹ್ನೆ, ತ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ನೆರೆಯ 'ಗುಬ್ಬಿ'ಯ ಸಂಗತಿ ಇನ್ನೂ ಸ್ವಾರಸ್ಯವಾದುದು. ನೆನಪಿನಲ್ಲಿ ಇಕಾರದ ಚಿಹ್ನೆಯು ಎರಡನೆಯ ಬಕಾರದ ಅನಂತರ ಬರುತ್ತದೆ. ಬರೆಹದಲ್ಲಿ ಅದು ಮೊದಲನೆಯ ಬಕಾರವನ್ನು ಸೇರಿ, ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ಈ ಜೋಡಣೆಯನ್ನು ಮಾಡುವ ಸಾಧನಗಳಲ್ಲಿ ಮುಖ್ಯವಾದುದು ಹಾರ್ಫ್‌ಬಝ್ ಎಂಬ ತಂತ್ರಾಂಶ ಲೈಬ್ರರಿ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕ ಭಂಡಾರವಲ್ಲ. ಅನೇಕ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕ್ರಮವಿಧಿಗಳ ಸಮೂಹ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲ ಹಾರ್ಫ್‌ಬಝ್ ಅನ್ನು ಬಳಸುತ್ತವೆ.

ಲೈಬ್ರರಿಯನ್ನು ಬರೆದವರು ಅದರ ಮೂಲವನ್ನು ಪ್ರಕಟಿಸುತ್ತಾರೆ. ಅದು ಒಂದೊಂದು ಆಪರೇಟಿಂಗ್ ಸಿಸ್ಟಮ್‌ಗೂ ಹೊಂದಿಕೊಳ್ಳುವಂತೆ ಮಾಡುವ ಹೊಣೆ ಬೇರೆಯವರದು. 1993ರಲ್ಲಿ ಹುಟ್ಟಿದ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯಲ್ಲಿ ಇದಕ್ಕಾಗಿ 'ಪೋರ್ಟ್ಸ್' ಎಂಬ ಸಂಗ್ರಹವಿದೆ. 30,000ಕ್ಕೂ ಮಿಕ್ಕ ಪೋರ್ಟುಗಳು ಅದರಲ್ಲಿವೆ. ಪೋರ್ಟ್ ಎಂಬುದು ತಂತ್ರಾಂಶವಲ್ಲ, ಅದನ್ನು ಸಿದ್ಧಪಡಿಸುವ ವಿಧಾನ. ಮೂಲವನ್ನು ಎಲ್ಲಿಂದ ತರಬೇಕು, ಅದಕ್ಕೆ ಬೇರಾವ ಲೈಬ್ರರಿಗಳು ಬೇಕು ಎಂಬುದು ಮೇಕ್‌ಫೈಲ್‌ನಲ್ಲಿರುತ್ತದೆ. ಇನ್ನೊಂದು ಕಡತದಲ್ಲಿ ಮೂಲದ ಗಾತ್ರವೂ ಅದರ ಗಣಿತೀಯ ಬೆರಳಚ್ಚೂ ಇರುತ್ತವೆ. ಮೂಲದಲ್ಲಿ ಒಂದೇ ಅಕ್ಷರ ಬದಲಾದರೂ ಬೆರಳಚ್ಚು ಹೊಂದದೆ ಕೆಲಸ ನಿಲ್ಲುತ್ತದೆ. ಮೇಕ್‌ಫೈಲ್‌ನ ಒಂದು ಸಾಲಿನಲ್ಲಿ ಪೋರ್ಟಿನ ಪಾಲಕನ ವಿಳಾಸವಿರುತ್ತದೆ.

ಹೊಸ ಆವೃತ್ತಿ ಬಂದಾಗ ಪಾಲಕನು ಬೆರಳಚ್ಚನ್ನು ಹೊಸದಾಗಿ ದಾಖಲಿಸಿ, ಲೈಬ್ರರಿಯನ್ನು ಕಟ್ಟಿ, ಪರೀಕ್ಷಿಸುತ್ತಾನೆ. ಲೈಬ್ರರಿಯ ಹೊರರೂಪ ಬದಲಾಗಿದ್ದರೆ ಅದನ್ನು ಅವಲಂಬಿಸಿದ ತಂತ್ರಾಂಶಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ. ತಾನು ಮಾಡಿದ ತಿದ್ದುಪಡಿಗಳನ್ನು ಮೂಲ ಲೇಖಕರಿಗೂ ತಿಳಿಸುತ್ತಾನೆ. ಬಂದ ಸೂಚನೆಗೆ ಎರಡು ವಾರಗಳಲ್ಲಿ ಉತ್ತರವಿಲ್ಲದಿದ್ದರೆ ಇತರರು ಆ ಬದಲಾವಣೆಯನ್ನು ಮಾಡಬಹುದು. ಮೂರು ತಿಂಗಳು ಮೌನವಾಗಿದ್ದರೆ ಪಾಲಕತ್ವವೇ ತಪ್ಪಬಹುದು.

ಪರರು ಬರೆದುದನ್ನು ಹೊಂದಿಸುವುದರಲ್ಲಿ ಯಾವ ವಿಜ್ಞಾನವಿದೆ ಎಂದು ಕೇಳುವವರುಂಟು. 2024ರ ಮಾರ್ಚ್‌ನಲ್ಲಿ ನಡೆದುದನ್ನು ಅವರು ನೆನೆಯಬೇಕು. ದತ್ತಾಂಶವನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನೂ ಅದರ ಲೈಬ್ರರಿಯನ್ನೂ ಬಹುಕಾಲ ನೋಡಿಕೊಂಡಿದ್ದವರು ಹೆಚ್ಚುಕಡಿಮೆ ಒಬ್ಬರೇ. ಸಹಾಯಕನಾಗಿ ಬಂದು ವರ್ಷಗಟ್ಟಲೆ ದುಡಿದು ನಂಬಿಕೆ ಗಳಿಸಿದವನೊಬ್ಬನು ಅದರಲ್ಲಿ ಕಳ್ಳಬಾಗಿಲನ್ನು ಅಡಗಿಸಿಟ್ಟನು. ಕೇಡು ಅಧಿಕೃತವಾಗಿ ಪ್ರಕಟವಾದ ಮೂಲದಲ್ಲಿಯೇ ಇದ್ದುದರಿಂದ ಬೆರಳಚ್ಚು ಅದನ್ನು ಹಿಡಿಯಲಾರದಾಗಿತ್ತು. ಕಡತ ಅದೇ ಹೌದೇ ಎಂಬುದನ್ನು ಬೆರಳಚ್ಚು ಹೇಳಬಲ್ಲುದು. ಅದು ಪ್ರಾಮಾಣಿಕವೇ ಎಂಬುದನ್ನು ಹೇಳಲಾರದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಗಣಕವನ್ನು ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದ್ದುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿದುದರಿಂದ ಜಗತ್ತು ದೊಡ್ಡದೊಂದು ಅಪಾಯದಿಂದ ಪಾರಾಯಿತು. ಸಣ್ಣ ವ್ಯತ್ಯಾಸವನ್ನು ಅಲಕ್ಷಿಸದಿರುವುದು ವಿಜ್ಞಾನವಲ್ಲದೆ ಮತ್ತೇನು? ಒಬ್ಬರ ಹೆಗಲ ಮೇಲೆಯೇ ಭಾರವನ್ನೆಲ್ಲ ಹೊರಿಸಿ, ಸಹಸ್ರಾರು ಜನರು ನಿಶ್ಚಿಂತರಾಗಿ ಬಳಸುತ್ತಿರುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಪಾಲಕರಿಲ್ಲದ ಪೋರ್ಟುಗಳು ಇಂದಿಗೂ ಸಂಗ್ರಹದಲ್ಲಿವೆ. ಅವುಗಳಲ್ಲೊಂದನ್ನು ವಹಿಸಿಕೊಳ್ಳಲು ಪದವಿಯಾಗಲಿ ಹುದ್ದೆಯಾಗಲಿ ಬೇಕಿಲ್ಲ. ತಾಳ್ಮೆಯೂ ಕಲಿಯುವ ಮನಸ್ಸೂ ಬೇಕು. ಪರೀಕ್ಷೆ ಮುಗಿದೊಡನೆ ಮೂಲೆಗೆ ಬೀಳುವ ಪ್ರಾಜೆಕ್ಟುಗಳ ಬದಲು, ತುಮಕೂರಿನ ಕಾಲೇಜುಗಳಲ್ಲಿ ನಾಲ್ಕೈದು ವಿದ್ಯಾರ್ಥಿಗಳು ಕೂಡಿ ಒಂದು ಸಣ್ಣ ಲೈಬ್ರರಿಯನ್ನು ನೋಡಿಕೊಳ್ಳಲಿ. ಓದು ಮುಗಿಸಿ ಹೊರಡುವಾಗ ಅದನ್ನು ಕೆಳಗಿನ ತರಗತಿಯವರಿಗೆ ಒಪ್ಪಿಸಲಿ. ಹೊಸದನ್ನು ಕಟ್ಟುವ ಉತ್ಸಾಹ ಯುವಕರಿಗೆ ಸಹಜವಾದುದು, ಅದು ಇರಲಿ. ಆದರೆ ಕಟ್ಟಿದುದನ್ನು ಕಾಯುವ ವಿವೇಕವನ್ನೂ ಕಲಿಸದ ವಿದ್ಯೆಯನ್ನು ನಾವು ಪೂರ್ಣವಾದುದೆಂದು ಒಪ್ಪಲಾರೆವು.