ಎಲ್ಲ ಹೊಟ್ಟೆನೋವೂ ಮುಟ್ಟಿನ ನೋವಲ್ಲ

2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆ ಕೊಡಲು ಒಪ್ಪಿಗೆ ನೀಡಿತು. ಪತ್ರಿಕೆ, ಟಿವಿಗಳಲ್ಲಿ ಚರ್ಚೆಯೋ ಚರ್ಚೆ. ಮಾಲೀಕರಿಗೆ ಎಷ್ಟು ನಷ್ಟ, ಇನ್ನು ಹೆಣ್ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅಂತೆಲ್ಲ. ಇರಲಿ, ಮನೆಯೊಳಗೇ ಹೇಳಲು ನಾಚುತ್ತಿದ್ದ ನೋವನ್ನು ಸರಕಾರ ಕಾಗದದ ಮೇಲೆ ಒಪ್ಪಿಕೊಂಡಿತಲ್ಲ, ಅದು ಸಣ್ಣ ಮಾತಲ್ಲ. ಆದರೆ ಒಂದು ವಿಷಯ ಆ ಗದ್ದಲದಲ್ಲಿ ಬಿಟ್ಟುಹೋಯಿತು. ರಜೆ ಹಾಕಿ ಮಲಗಿದರೆ ಕಡಿಮೆಯಾಗುವ ನೋವು ಬೇರೆ. ಮಲಗಿಸಿಟ್ಟರೆ ಅಪಾಯವಾಗುವ ನೋವು ಬೇರೆ. ಎರಡೂ ಬರುವುದು ಕಿಬ್ಬೊಟ್ಟೆಯಲ್ಲೇ.

ಕರಾವಳಿಯವನಾದ ನಾನು ಈಗ ಪಾಠ ಹೇಳುತ್ತಿರುವುದು ಕಾವೇರಿ ಬದಿಯ ಮುಡುಕುತೊರೆ ಕಡೆ. ಇಲ್ಲಿಗೆ ಹತ್ತಿರದ ದೊಡ್ಡ ಸರಕಾರಿ ಆಸ್ಪತ್ರೆ ಅಂದರೆ ತಿ. ನರಸೀಪುರದ್ದು. ಅದನ್ನೂ ದಾಟಿ ಮೈಸೂರಿಗೆ ಹೋಗಬೇಕಾದರೆ 40 ಕಿಲೋಮೀಟರಿಗೂ ಹೆಚ್ಚು. ಬೆಟ್ಟದ ಜಾತ್ರೆ, ದನಗಳ ಜಾತ್ರೆಯ ದಿನಗಳಲ್ಲಂತೂ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ನನಗೆ ಪರಿಚಯದ ಒಂದು ಮನೆ. ಪಿಯುಸಿ ಓದುವ ಹುಡುಗಿ. ಒಂದು ರಾತ್ರಿ ಇಶಾ ಕಳೆದ ಮೇಲೆ ಬಲಗಡೆ ಕಿಬ್ಬೊಟ್ಟೆಯಲ್ಲಿ ಚೂರಿ ಹಾಕಿದ ಹಾಗೆ ನೋವು ಶುರುವಾಯಿತು. ಎರಡು ಸಲ ವಾಂತಿ. ಉಮ್ಮ ಓಮದ ಕಷಾಯ ಕೊಟ್ಟು, ಬಿಸಿನೀರಿನ ಚೀಲ ಇಟ್ಟು, "ಮುಟ್ಟಾಗುವ ಹೊತ್ತು, ಬೆಳಗ್ಗೆ ಸರಿಹೋಗ್ತದೆ" ಅಂದರು. ನಡುವೆ ಸ್ವಲ್ಪ ಕಡಿಮೆಯೂ ಆಯಿತು. ಅದೇ ಮೋಸ ಮಾಡಿದ್ದು. ಸುಬಹಿ ಹೊತ್ತಿಗೆ ಮಗು ಎದ್ದು ನಿಲ್ಲಲಾರದೆ ಬೆವರುತ್ತಿತ್ತು. ಮೈಸೂರು ಮುಟ್ಟುವಾಗ ಮಧ್ಯಾಹ್ನ. ಹುಡುಗಿ ಉಳಿದಳು, ಅಲ್‌ಹಂದುಲಿಲ್ಲಾಹ್. ಬಲಬದಿಯ ಅಂಡಾಶಯ ಉಳಿಯಲಿಲ್ಲ. ಆಮೇಲೆ ಗೊತ್ತಾದ ವಿಷಯ: ಮೂರು ತಿಂಗಳ ಹಿಂದೆಯೇ ಸ್ಕ್ಯಾನಿಂಗ್ ಆಗಿ ಸಿಸ್ಟ್ ಇದೆ ಅಂತ ಬರೆದುಕೊಟ್ಟಿದ್ದರು. ಆ ಚೀಟಿ ಕಪಾಟಿನಲ್ಲಿ ಬಟ್ಟೆಯಡಿ ಇತ್ತು. ಉಪ್ಪನಿಗೂ ತೋರಿಸಿರಲಿಲ್ಲ. ಮದುವೆ ಮಾತುಕತೆಯಲ್ಲಿ ಹೆಸರು ಕೆಡುತ್ತದೆ ಅಂತ ಹೆದರಿಕೆ.

ಸಿಸ್ಟ್ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರಬೇಕಾಗಿಲ್ಲ. ಅಂಡಾಶಯದಲ್ಲಿ ಪ್ರತಿ ತಿಂಗಳು ಮೊಟ್ಟೆ ಬೆಳೆಯುವಾಗ ನೀರು ತುಂಬಿದ ಸಣ್ಣ ಗುಳ್ಳೆ ಆಗುವುದು ಸಹಜ. ಕೆಲವು ಒಡೆಯದೆ ದೊಡ್ಡದಾಗುತ್ತವೆ. ಹೆಚ್ಚಿನವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗಿ ಹೋಗುತ್ತವೆ. ಈಗ ಎಲ್ಲರ ಬಾಯಲ್ಲೂ ಇರುವ ಪಿಸಿಒಡಿ ಬೇರೆ, ಇದು ಬೇರೆ. ತೊಂದರೆ ಬರುವುದು ಗುಳ್ಳೆಯ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನ ಮೇಲೆ ತಿರುಚಿಕೊಂಡಾಗ. ಗುಳ್ಳೆ 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಆ ಅಪಾಯ ಜಾಸ್ತಿ. ಮಾವಿನಕಾಯಿಯನ್ನು ತೊಟ್ಟು ಹಿಡಿದು ತಿರುಗಿಸಿದ ಹಾಗೆ, ರಕ್ತದ ದಾರಿ ಮುಚ್ಚುತ್ತದೆ. ಆಮೇಲೆ ಗಂಟೆಗಳ ಲೆಕ್ಕ. ಬೇಗ ಹೋದರೆ ತಿರುಚನ್ನು ಬಿಡಿಸಿ ಅಂಡಾಶಯವನ್ನೇ ಉಳಿಸಬಹುದು. ಇನ್ನೊಂದು, ಗುಳ್ಳೆ ಒಡೆಯುವುದು. ಕೆಲವರಿಗೆ ಅದು ಒಂದೆರಡು ದಿನದ ನೋವಿನಲ್ಲಿ ಮುಗಿಯುತ್ತದೆ, ಕೆಲವರಿಗೆ ಹೊಟ್ಟೆಯೊಳಗೆ ರಕ್ತ ಹರಿಯುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಹಾಗಾದರೆ ಮನೆಯಲ್ಲಿ ಗುರುತಿಸುವುದು ಹೇಗೆ? ಮುಟ್ಟಿನ ನೋವು ಹೆಣ್ಮಕ್ಕಳಿಗೆ ಪರಿಚಯದ ನೋವು, ಪ್ರತಿ ಸಲ ಹೆಚ್ಚುಕಮ್ಮಿ ಅದೇ ರೀತಿ ಬರುತ್ತದೆ. ಇದು ಹಾಗಲ್ಲ. ಇದ್ದಕ್ಕಿದ್ದ ಹಾಗೆ, ಒಂದೇ ಬದಿಯಲ್ಲಿ, ನೆಟ್ಟಗೆ ನಿಲ್ಲಲು ಬಿಡದಷ್ಟು ನೋವು. ಜೊತೆಗೆ ವಾಂತಿ. ಇಷ್ಟಿದ್ದರೆ ಬೆಳಗಾಗಲಿ ಅಂತ ಕಾಯಬಾರದು. ತಲೆ ತಿರುಗಿ ಬೀಳುವುದು, ಮುಖ ಬಿಳುಚುವುದು, ತಣ್ಣನೆ ಬೆವರು, ಭುಜದ ತುದಿಯಲ್ಲಿ ನೋವು ಇವು ಒಳಗೆ ರಕ್ತ ಹೋಗುತ್ತಿರುವುದರ ಗುರುತಾಗಿರಬಹುದು. ನೋವಿನ ಜೊತೆ ಜ್ವರ ಇದ್ದರೂ ಅಂದೇ ತೋರಿಸಬೇಕು. ಮದುವೆಯಾದವರಿಗೆ ಮುಟ್ಟು ತಪ್ಪಿ ಇಂಥ ನೋವು ಬಂದರೆ, ಗರ್ಭ ನಾಳದಲ್ಲಿ ನಿಂತಿರಲೂಬಹುದು; ಅದು ಜೀವಕ್ಕೇ ಅಪಾಯ. ಬಲಗಡೆ ನೋವು ಅಪೆಂಡಿಕ್ಸ್ ಆಗಿರಲೂಬಹುದು. ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ, ನಮ್ಮ ಕೆಲಸ ತಲುಪಿಸುವುದು. ನೋವು ನಡುವೆ ಬಿಟ್ಟು ಬಿಟ್ಟು ಬಂದರೂ ಸರಿ, ಮಾತ್ರೆಯಲ್ಲಿ ತಗ್ಗಿದರೂ ಸರಿ, ಹೋಗಬೇಕು.

ಇನ್ನು ನನ್ನ ಬಳಿ ಬರುವ ಪ್ರಶ್ನೆ. "ಉಸ್ತಾದ್ರೇ, ರಾತ್ರಿ ಲೇಡಿ ಡಾಕ್ಟರ್ ಇರ್ಲಿಲ್ಲ, ಗಂಡಸರಿಗೆ ಹೇಗೆ ತೋರಿಸೋದು?" ವೈದ್ಯೆ ಸಿಕ್ಕಿದರೆ ಅವರೇ ನೋಡಲಿ. ಸಿಗದಿದ್ದಾಗ ಚಿಕಿತ್ಸೆಗೆ ಬೇಕಾದಷ್ಟನ್ನು ಪುರುಷ ವೈದ್ಯರು ನೋಡಲು ಅಡ್ಡಿಯಿಲ್ಲ, ಜೊತೆಗೆ ಮನೆಯವರೊಬ್ಬರು ಇರಲಿ ಎಂದೇ ನಮ್ಮ ಫಿಖ್ಹ್ ಹೇಳುವುದು. ನಾವು ಮದರಸದಲ್ಲಿ ಅದನ್ನು ಕಲಿಸುತ್ತೇವೆ, ಆದರೆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿಗೂ ನೆನಪಾಗುವುದಿಲ್ಲ. ಸ್ಕ್ಯಾನಿಂಗ್ ಬಗ್ಗೆಯೂ ಹೆದರಿಕೆ ಇದೆ. ಮದುವೆಯಾಗದ ಹುಡುಗಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ನೋಡುತ್ತಾರೆ. ಮದುವೆಯ ಚಿಂತೆಗೂ ಉತ್ತರ ಇದೆ. ಒಂದು ಅಂಡಾಶಯ ಹೋದರೂ ಇನ್ನೊಂದು ಚೆನ್ನಾಗಿದ್ದರೆ ಮುಟ್ಟೂ ಬರುತ್ತದೆ, ಮಕ್ಕಳೂ ಆಗುತ್ತಾರೆ.

ಹೊರಡುವಾಗ ಏನು ಮಾಡಬೇಕು ಅಂದರೆ, ಮೊದಲು 108ಕ್ಕೆ ಫೋನ್. ಊಟ, ಚಾ ಕೊಡಬೇಡಿ, ಆಪರೇಶನ್ ಬೇಕಾಗಬಹುದು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಹಳೆಯ ಸ್ಕ್ಯಾನಿಂಗ್ ಚೀಟಿ, ಕಳೆದ ಮುಟ್ಟಿನ ತಾರೀಕು, ಆಧಾರ್, ರೇಷನ್ ಕಾರ್ಡ್ ಕೈಯಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಈ ಕಡೆಯವರಿಗೆ ಮೈಸೂರಿನ ಚೆಲುವಾಂಬ, ನಮ್ಮೂರಿನವರಿಗೆ ಮಂಗಳೂರಿನ ಲೇಡಿಗೋಷನ್, ಎರಡೂ ಹೆಂಗಸರಿಗಾಗಿಯೇ ಇರುವ ಸರಕಾರಿ ಆಸ್ಪತ್ರೆಗಳು. "ಸಿಸ್ಟ್ ಇದೆ, ನೋವು ಇಷ್ಟು ಗಂಟೆಗೆ ಶುರುವಾಯಿತು" ಅಂತ ಬಾಗಿಲಲ್ಲೇ ಹೇಳಿ, ಗ್ಯಾಸ್ಟ್ರಿಕ್ ಅನ್ನಬೇಡಿ.

ಮುಟ್ಟಿನ ರಜೆ 18 ತುಂಬಿದ, ಕೆಲಸಕ್ಕೆ ಹೋಗುವ ಹೆಂಗಸರಿಗೆ. ಕಾಲೇಜಿನ ಹುಡುಗಿ, ಅಡುಗೆಮನೆಯ ಉಮ್ಮ ಆ ಲೆಕ್ಕದಲ್ಲಿಲ್ಲ. ಅವರ ನೋವನ್ನು ಕೇಳಬೇಕಾದವರು ಮನೆಯ ಗಂಡಸರು. ಆ ಹುಡುಗಿಯ ಉಪ್ಪ ನನ್ನ ಹತ್ತಿರ ಹೇಳಿದ್ದು ಒಂದೇ ಮಾತು: "ಚೀಟಿ ನಂಗೆ ತೋರಿಸಿದ್ದಿದ್ರೆ ರಾತ್ರಿನೇ ಗಾಡಿ ತೆಗೀತಿದ್ದೆ."