ಲಾರಿ ಹೇಳಿದ್ದು ಮೇಸ್ತ್ರಿಗೂ ಕೇಳಿಸಲಿ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಡೆಡ್‌ಲೈನು, ಸೋಮಾರಿತನ... ಮೂರೂ ಸಮಪಾಲು :-) ಮೊನ್ನೆ ನಾಲ್ಕು ದಿನ ರಜೆ ಹಾಕಿ ದಾವಣಗೆರೆಗೆ ಹೋಗಿದ್ದೆ. ನಮ್ಮ ಮನೆ ಇರುವುದು ನಿಜಲಿಂಗಪ್ಪ ಬಡಾವಣೆಯಲ್ಲಿ. ಬೆಣ್ಣೆದೋಸೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಅಂತ ಪಟ್ಟಿ ಹಾಕಿಕೊಂಡು ಹೋದವನು ಮೂರು ದಿನ ಒಂದು ಲಾರಿಯ ಹಿಂದೆ ಓಡಾಡಿಕೊಂಡು ವಾಪಸ್ ಬಂದೆ. ಆ ಕಥೆಯನ್ನೂ, ಅದರಿಂದ ಹುಟ್ಟಿದ ಸಿಟ್ಟನ್ನೂ ಇಲ್ಲಿ ಹೇಳಿಕೊಂಡು ಹಗುರಾಗೋಣ ಅಂತ. ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ಇದೆ. ಅದು ಕೊನೆಗೆ.

ನಮ್ಮ ಎದುರುಮನೆ ಅಂಕಲ್‌ಗೆ ಒಂದೇ ಒಂದು ಲಾರಿ. ಬಿಎಸ್-6 ಗಾಡಿ, ಸಾಲದ ಕಂತು ಇನ್ನೂ ನಡೆಯುತ್ತಿದೆ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ಕೋಳಿ ಆಹಾರಕ್ಕೆ ತಮಿಳುನಾಡಿನ ಕಡೆ ಲೋಡು ಹೋಗುತ್ತದೆ. ಅವರ ಗಾಡಿಯೂ ರಾತ್ರಿ ಗೋಡೌನ್ ಹತ್ತಿರ ಲೋಡಾಗಿ ನಿಂತಿತ್ತು, ಬೆಳಗಿನ ಜಾವ ನಾಮಕ್ಕಲ್‌ಗೆ ಹೊರಟಿತು. ಆನಗೋಡು ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಹಿಂದೆಯೇ ಎಂಜಿನ್ ಶಕ್ತಿ ಬಿದ್ದುಹೋಯಿತು. ಡ್ರೈವರ್ ಪೆಡಲ್ ಪೂರ್ತಿ ತುಳಿದರೂ ಗಾಡಿ ಎತ್ತಿನಗಾಡಿ. ತೆವಳುತ್ತಾ ಊರಿಗೆ ವಾಪಸ್ ಬಂದು ರಿಂಗ್ ರೋಡ್ ಬದಿ ನಿಂತಿತು. ಪರದೆಯ ಮೇಲೆ ಒಂದೇ ಸಾಲು: ಸರ್ವೀಸ್ ಸೆಂಟರ್ ಸಂಪರ್ಕಿಸಿ.

ಮೊದಲು ಬಂದವರು ಅಂಕಲ್‌ರ ಹಳೆಯ ಮೇಸ್ತ್ರಿ. ಮೂವತ್ತು ವರ್ಷ ಲಾರಿ ಬಿಚ್ಚಿ ಜೋಡಿಸಿದ ಕೈ. ಡೀಸೆಲ್ ಫಿಲ್ಟರ್ ನೋಡಿದರು, ನೀರು ಬಿಟ್ಟರು, ಏರ್ ಫಿಲ್ಟರ್ ಬಿಚ್ಚಿದರು, ಟರ್ಬೋದಿಂದ ಬರುವ ಪೈಪುಗಳ ಕ್ಲಿಪ್ ಒಂದೊಂದಾಗಿ ಅಲ್ಲಾಡಿಸಿದರು. ಎಲ್ಲವೂ ಸರಿಯಾದ ಕೆಲಸವೇ. ಶಕ್ತಿ ಬಿದ್ದರೆ ನೋಡಬೇಕಾದ್ದೇ ಇವು. ಎಲ್ಲವೂ ನೆಟ್ಟಗಿದ್ದವು. ಅವರ ಹತ್ತಿರವಿದ್ದ ಅಗ್ಗದ ಸ್ಕ್ಯಾನರು ಈ ಗಾಡಿಗೆ ಮಾತೇ ಆಡಲಿಲ್ಲ. "ಎಂಜಿನ್ ಚೆನ್ನಾಗೈತೆ ಕಣಪ್ಪ, ಅದರ ತಲೆ ಏನೋ ಹೇಳ್ತೈತೆ. ನನಗೆ ಕೇಳಿಸ್ತಿಲ್ಲ" ಅಂದರು. ಇಡೀ ಲೇಖನದ ಸಾರಾಂಶ ಈ ಮಾತಿನಲ್ಲೇ ಇದೆ!

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಹಳೆಯ ಲಾರಿಯಲ್ಲಿ ಎಷ್ಟು ಡೀಸೆಲ್ ಯಾವಾಗ ಹೋಗಬೇಕು ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಪಂಪು. ನಮ್ಮವರ ಬಾಯಲ್ಲಿ ಅದು 'ಮೈಕೋ ಪಂಪು'. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಮೈಕೋ ಮೈಕೋ ಆಗಿಯೇ ಉಳಿಯಿತು. ಪ್ಲಂಜರ್, ಸ್ಪ್ರಿಂಗು, ಗವರ್ನರ್... ಎಲ್ಲಾ ಕಣ್ಣಿಗೆ ಕಾಣುವ ಲೋಹ. ಮೇಸ್ತ್ರಿ ಶಬ್ದ ಕೇಳಿ, ಹೊಗೆಯ ಬಣ್ಣ ನೋಡಿ ರೋಗ ಹೇಳುತ್ತಿದ್ದ.

ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಪಂಪಿನ ಕೆಲಸ ಡೀಸೆಲ್ಲನ್ನು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ತುಂಬಿಡುವುದು ಮಾತ್ರ. ಇಂಜೆಕ್ಟರನ್ನು ಯಾವಾಗ, ಎಷ್ಟು ಹೊತ್ತು ತೆರೆಯಬೇಕೆಂದು ಹೇಳುವುದು ಇಸಿಯು ಎಂಬ ಕಂಪ್ಯೂಟರ್. ಡ್ರೈವರ್ ಪೆಡಲ್ ತುಳಿದರೆ ಅದು ಅಪ್ಪಣೆಯಲ್ಲ, ಅರ್ಜಿ! ಟರ್ಬೋ ಎಷ್ಟು ಗಾಳಿ ತಳ್ಳುತ್ತಿದೆ, ನೀರು ಎಷ್ಟು ಬಿಸಿ, ರೈಲ್‌ನಲ್ಲಿ ಒತ್ತಡ ಎಷ್ಟು ಅಂತ ಹತ್ತಾರು ಸೆನ್ಸರ್‌ಗಳನ್ನು ಕೇಳಿ ಇಸಿಯು ಆ ಅರ್ಜಿಯನ್ನು ಮಂಜೂರು ಮಾಡುತ್ತದೆ. ಒಂದು ಸೆನ್ಸರ್ ಉತ್ತರ ಕೊಡದಿದ್ದರೆ ಎಂಜಿನ್ ಸುಟ್ಟುಹೋಗದಿರಲಿ ಅಂತ ಡೀಸೆಲ್ಲನ್ನೇ ಕಡಿಮೆ ಮಾಡುತ್ತದೆ. ಜೊತೆಗೆ ಏನಾಯಿತೆಂದು ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಂಖ್ಯೆಗಳಲ್ಲಿ.

ಆ ಸಂಖ್ಯೆ ಸಿಗಲಿಕ್ಕೆ ನಮಗೆ ಮೂರು ದಿನ ಬೇಕಾಯಿತು. ಸರ್ವೀಸ್‌ನವರಿಗೆ ಸರದಿ ಇತ್ತು. ಅಷ್ಟರಲ್ಲಿ ಲೋಡನ್ನು ಬೇರೆ ಲಾರಿಗೆ ಬದಲಾಯಿಸಿದ್ದಾಯಿತು, ಹಮಾಲಿ ಎರಡು ಸಲ ಕೊಟ್ಟಿದ್ದಾಯಿತು, ಬಾಡಿಗೆ ಹೋಯಿತು. ಮೂರನೇ ದಿನ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದು ಎರಡು ನಿಮಿಷದಲ್ಲಿ ಓದಿ, ವೈರಿಂಗ್ ಪೂರ್ತಿ ಬದಲಾಯಿಸಬೇಕು, ಪಾರ್ಟ್ ಬರಲು ಒಂದು ವಾರ ಅಂದ. ನಾನು ಪಕ್ಕದಲ್ಲಿ ನಿಂತು ಪರದೆಯ ಮೇಲಿನ ಎರಡು ಸಂಖ್ಯೆಗಳನ್ನು ಕೈ ಮೇಲೆ ಬರೆದುಕೊಂಡೆ. 102, ಮತ್ತು 4.

ಇದರಲ್ಲಿ ಗುಟ್ಟೇನಿಲ್ಲ. ಲಾರಿಗಳ ಒಳಗಿನ ಸಂಭಾಷಣೆಗೆ ಜೆ1939 ಅಂತ ಒಂದು ಪ್ರಕಟಿತ ಮಾನದಂಡ ಇದೆ. ಅದರ ಪ್ರಕಾರ ಮೊದಲ ಸಂಖ್ಯೆ ಯಾವ ಭಾಗ, ಎರಡನೆಯದು ಯಾವ ಥರದ ತೊಂದರೆ. 100 ಅಂದರೆ ಆಯಿಲ್ ಒತ್ತಡ, 110 ಅಂದರೆ ಕೂಲಂಟ್ ಬಿಸಿ, 157 ಅಂದರೆ ರೈಲ್ ಒತ್ತಡ. 102 ಅಂದರೆ ಟರ್ಬೋ ತಳ್ಳುವ ಗಾಳಿಯ ಒತ್ತಡ. ಎರಡನೇ ಸಂಖ್ಯೆ 3 ಆದರೆ ವೋಲ್ಟೇಜು ಇರಬೇಕಾದ್ದಕ್ಕಿಂತ ಮೇಲೆ, 4 ಆದರೆ ಕೆಳಗೆ. ಅಂದರೆ ಲಾರಿ ಹೇಳುತ್ತಿದ್ದದ್ದು ಇಷ್ಟೇ: "ನನ್ನ ಟರ್ಬೋ ಕೆಟ್ಟಿಲ್ಲ ಮಾರಾಯರೇ, ಅದನ್ನು ಅಳೆಯುವ ಸೆನ್ಸರಿನ ವೈರು ನೋಡಿ."

ಮೇಸ್ತ್ರಿಗೆ ಇಷ್ಟು ಹೇಳಿದೆ, ಅಷ್ಟೇ. ಮುಂದಿನದ್ದು ಅವರದ್ದು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. 5 ವೋಲ್ಟ್ ಬರಬೇಕಾದ ಕಡೆ ಸೊನ್ನೆ. ವೈರಿನ ಮೇಲಿನ ಸುರುಳಿ ಪೈಪನ್ನು ಬೆರಳಲ್ಲಿ ತಡವುತ್ತಾ ಹೋದರು. ಅರ್ಧ ಗಂಟೆಯಲ್ಲಿ ಸಿಕ್ಕಿತು... ಇಲಿ! ಜೋಳದ ಗೋಡೌನ್ ಹತ್ತಿರ ರಾತ್ರಿ ನಿಂತಿತ್ತಲ್ಲ, ಬೋನೆಟ್ಟಿನ ಬೆಚ್ಚಗಿನ ಜಾಗದಲ್ಲಿ ಊಟ ಮುಗಿಸಿ ಬಾಯಿ ಒರೆಸಿಕೊಂಡು ಹೋಗಿದೆ :-) ವೈರು ಜೋಡಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದರು. ಕೀ ತೆಗೆದು ಹಾಕಿ ಎರಡು ಸಲ ಸ್ಟಾರ್ಟ್ ಮಾಡಿದ ಮೇಲೆ ದೀಪ ಹೋಯಿತು, ಶಕ್ತಿ ಬಂತು.

ಈಗ ನನ್ನ ಅಭಿಪ್ರಾಯ. ಮೇಸ್ತ್ರಿಗೆ ಗೊತ್ತಿಲ್ಲದ್ದು ಎಂಜಿನ್ ಅಲ್ಲ. "ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಹಳೇ ಮೇಸ್ತ್ರಿಗಳ ಕಾಲ ಮುಗೀತು" ಅಂತ ನಮ್ಮಂಥ ಇಂಜಿನಿಯರುಗಳು ಸಲೀಸಾಗಿ ಹೇಳಿಬಿಡುತ್ತೇವೆ. ಮುಗಿದದ್ದಲ್ಲ, ಮುಚ್ಚಿದ್ದು. ಲಾರಿ ಮೊದಲ ಬಾರಿಗೆ ತನ್ನ ರೋಗವನ್ನು ತಾನೇ ಹೇಳುವಷ್ಟು ಬುದ್ಧಿವಂತ ಆಯಿತು, ಆದರೆ ಅದು ಮಾತಾಡುವುದು ಒಂದೇ ಲ್ಯಾಪ್‌ಟಾಪ್ ಜೊತೆ. ಕೊಂಡವನ ಜೊತೆ ಅಲ್ಲ, ಓಡಿಸುವವನ ಜೊತೆ ಅಲ್ಲ, ರಸ್ತೆ ಬದಿ ಅದರ ಕೆಳಗೆ ಮಲಗುವವನ ಜೊತೆಯಂತೂ ಅಲ್ಲ.

ಕಂಪನಿಗಳ ಕಡೆಯ ವಾದವನ್ನೂ ಹೇಳಬೇಕು, ಅದು ಪೂರ್ತಿ ಸುಳ್ಳಲ್ಲ. ತಂತ್ರಾಂಶ ಎಲ್ಲರಿಗೂ ತೆರೆದರೆ ಹೊಗೆ ನಿಯಂತ್ರಣವನ್ನು ಕಿತ್ತುಹಾಕುತ್ತಾರೆ ಅನ್ನುತ್ತಾರೆ. ನಿಜ! ಲಾರಿ ಸರಿಹೋದ ಸಂಜೆಯೇ ಅಂಕಲ್‌ರ ಸ್ನೇಹಿತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ತಮ್ಮಾ, ನೀ ಸಾಫ್ಟ್‌ವೇರ್ ಅಲ್ವಾ, ನಮ್ ಗಾಡಿ ಯೂರಿಯಾ ಕೇಳದಂಗೆ ಮಾಡ್ಕೊಡು" ಅಂದರು. ಆಗುವುದಿಲ್ಲ ಅಂದೆ. ಬಿಎಸ್-4ರಲ್ಲಿ ಭಾರಿ ಎಂಜಿನ್‌ಗಳಿಗೆ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ ಇತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ ಅದು 0.4. ಆ ಇಳಿಕೆಯ ದೊಡ್ಡ ಪಾಲು ಶೇ. 32.5 ಯೂರಿಯಾ ಇರುವ ಆ ದ್ರವದ ಕೆಲಸ. ಅದನ್ನು ಮೋಸ ಮಾಡಿದರೆ ಉಳಿಯುವ ದುಡ್ಡು ಲಾರಿಯವರದ್ದು, ಕುಡಿಯುವ ಗಾಳಿ ಹೈವೇ ಪಕ್ಕದ ನಮ್ಮೂರಿನದ್ದು.

ಆದರೆ ಇದಕ್ಕೆ ಉತ್ತರ ಎಲ್ಲಕ್ಕೂ ಬೀಗ ಹಾಕುವುದಲ್ಲ. ನಮ್ಮ ಬ್ಲಾಗಿಗರಲ್ಲಿ ಅರ್ಧ ಜನ ಸಾಫ್ಟ್‌ವೇರಿನವರೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ: ಓದುವ ಅನುಮತಿ ಬೇರೆ, ಬರೆಯುವ ಅನುಮತಿ ಬೇರೆ. ವಾಹನಗಳ ಡಯಾಗ್ನೋಸ್ಟಿಕ್ಸಿಗೆ ಇರುವ ಐಎಸ್‌ಒ 14229 ಮಾನದಂಡದಲ್ಲೇ ದೋಷ ಸಂಖ್ಯೆ ಓದುವ ಸೇವೆ ಒಂದು, ಬೀಗ ತೆಗೆಯುವ ಸೇವೆ ಇನ್ನೊಂದು. ಓದಲು ಬಿಡಿ, ಬರೆಯಲು ಬೀಗ ಹಾಕಿ. ಸಂಖ್ಯೆ ಪರದೆಯ ಮೇಲೆ ಬರಲಿ. ಅದರ ಅರ್ಥ, ವೈರಿಂಗ್ ನಕ್ಷೆ, ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಇರಬೇಕು ಅನ್ನುವ ಪಟ್ಟಿ ಲಾರಿ ಜೊತೆಗೇ ಕೊಡಿ, ಕನ್ನಡದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. ಇಸಿಯು ಒಳಗಿನ ಲೆಕ್ಕಾಚಾರ ನಿಮ್ಮ ಹತ್ತಿರವೇ ಇರಲಿ, ಅದನ್ನು ಯಾರೂ ಕೇಳುತ್ತಿಲ್ಲ.

ನನ್ನ ತಾತ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯಿತು, ಅಲ್ಲಿ ತಯಾರಾದ ಲೇತುಗಳು ಎಷ್ಟೋ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ತಿರುಗುತ್ತಿರುವುದಕ್ಕೆ ಕಾರಣ ಅವನ್ನು ಯಾರು ಬೇಕಾದರೂ ಬಿಚ್ಚಿ ಅರ್ಥ ಮಾಡಿಕೊಳ್ಳಬಹುದು ಅನ್ನುವುದು. ಇವತ್ತಿನ ಲಾರಿ ಹದಿನೈದು ವರ್ಷದ ಮೇಲೆ, ಮೂರನೇ ಮಾಲೀಕನ ಕೈಯಲ್ಲಿ, ಹಾಗೆ ಓಡುತ್ತದಾ?

ಇದು ನನ್ನೊಬ್ಬನ ಗೊಣಗಾಟವೂ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಡಯಾಗ್ನೋಸ್ಟಿಕ್ ಉಪಕರಣ, ದುರಸ್ತಿ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಕಾರಣ. ಆಮೇಲೆ ಮೇಲ್ಮನವಿ, ತಡೆಯಾಜ್ಞೆ ಅಂತ ಅದು ಕೋರ್ಟು ಸುತ್ತಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿಗಾಗಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು, ವಾಹನ ಕ್ಷೇತ್ರವೂ ಅದರಲ್ಲಿದೆ. ಒಳ್ಳೆಯದೇ. ಆದರೆ ಪೋರ್ಟಲ್ಲು ಕಾನೂನಲ್ಲ. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜನ 2012ರಲ್ಲೇ ಮತ ಹಾಕಿ ವಾಹನ ದುರಸ್ತಿ ಹಕ್ಕನ್ನು ಕಾನೂನು ಮಾಡಿಸಿಕೊಂಡರು.

ಹಕ್ಕು ಕೇಳುವ ನಾವು ನಮ್ಮ ಕಡೆಯ ಕೆಲಸ ಮಾಡುತ್ತಿದ್ದೇವಾ? ಅಂಕಲ್‌ರ ಡ್ರೈವರ್‌ಗೆ ಮೇಸ್ತ್ರಿ ಹೇಳಿದ್ದನ್ನೂ, ನಾನು ಸೇರಿಸಿದ್ದನ್ನೂ ಇಲ್ಲಿ ಹಾಕುತ್ತೇನೆ. ನಿಮ್ಮ ಪರಿಚಯದ ಲಾರಿಯವರಿಗೆ ಹೇಳಿ:

1. ಡೀಸೆಲ್ ಫಿಲ್ಟರಿನ ಕೆಳಗಿನ ನೀರನ್ನು ದಿನಾ ಬಿಡಿ. ಹಳೆಯ ಪಂಪು ಸಹಿಸಿಕೊಳ್ಳುತ್ತಿದ್ದ ನೀರು, ಕಸವನ್ನು ಕಾಮನ್ ರೈಲ್ ಇಂಜೆಕ್ಟರ್ ಸಹಿಸುವುದಿಲ್ಲ. ಫಿಲ್ಟರಿನಲ್ಲಿ ಉಳಿಸಿದ್ದನ್ನು ಇಂಜೆಕ್ಟರಿನಲ್ಲಿ ಬಡ್ಡಿ ಸಮೇತ ಕಟ್ಟುತ್ತೀರಿ.

2. ಬಾಡಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಕೇಬಲ್ ಮತ್ತು ಇಸಿಯು ಕನೆಕ್ಟರ್ ಬಿಚ್ಚಿ. ವೆಲ್ಡಿಂಗ್ ಕರೆಂಟು ಇಸಿಯು ಒಳಗೆ ಹೊಕ್ಕರೆ ಹೋಗುವುದು ಸಾವಿರಗಳಲ್ಲ, ಲಕ್ಷದ ಮಾತು.

3. ಕೀ ತೆಗೆದ ತಕ್ಷಣ ಬ್ಯಾಟರಿ ಸ್ವಿಚ್ ಆರಿಸಬೇಡಿ. ಯೂರಿಯಾ ಪಂಪು ಪೈಪಿನಲ್ಲಿ ಉಳಿದ ದ್ರವವನ್ನು ವಾಪಸ್ ಎಳೆದುಕೊಳ್ಳಲು ಒಂದೆರಡು ನಿಮಿಷ ಬೇಕು. ಇಲ್ಲದಿದ್ದರೆ ಅದು ಅಲ್ಲೇ ಹರಳುಗಟ್ಟುತ್ತದೆ.

4. ಮನೆಯಲ್ಲಿ ಹೊಲದ ಯೂರಿಯಾ ಕಲಸಿ ಹಾಕುವ ಜಾಣತನ ಬೇಡ. ಅದರ ಕಲ್ಮಶ ಹೊಗೆ ಕೊಳವೆಯೊಳಗಿನ ಕ್ಯಾಟಲಿಸ್ಟನ್ನು ಹಾಳು ಮಾಡುತ್ತದೆ.

5. ಗಂಟೆಗಟ್ಟಲೆ ಐಡ್ಲಿಂಗ್ ಬಿಟ್ಟರೆ ಮಸಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಅದಕ್ಕೆ ಬಿಸಿ ಬೇಕು. ರೀಜನರೇಶನ್ ದೀಪ ಬಂದರೆ ಮುಂದಿನ ಟ್ರಿಪ್ಪಿಗೆ ಮುಂದೂಡಬೇಡಿ.

6. ಜೋಳ, ಭತ್ತದ ಗೋಡೌನ್ ಹತ್ತಿರ ರಾತ್ರಿ ನಿಂತರೆ ಬೆಳಿಗ್ಗೆ ಹೊರಡುವ ಮೊದಲು ವೈರಿಂಗ್ ಮೇಲೆ ಒಮ್ಮೆ ಟಾರ್ಚ್ ಬಿಡಿ :-)

ಇನ್ನು ಕೊನೆಗೆ ಅಂದೆನಲ್ಲ, ಆ ಅರ್ಧ ಸಿಟ್ಟು.

ಬೆಂಗಳೂರಲ್ಲಿ ನನ್ನ ಕೆಲಸವೇ ವಾಹನಗಳ ಡ್ಯಾಶ್‌ಬೋರ್ಡ್ ಪರದೆಗೆ ತಂತ್ರಾಂಶ ಬರೆಯುವುದು. ಎರಡು ವರ್ಷದ ಹಿಂದೆ ಒಂದು ಪ್ರಾಜೆಕ್ಟಿನಲ್ಲಿ ದೋಷ ಸಂಖ್ಯೆಯನ್ನು ಡ್ರೈವರ್‌ಗೆ ತೋರಿಸಬಾರದು, ಸರ್ವೀಸ್ ಮೋಡಿನಲ್ಲಿ ಮಾತ್ರ ತೋರಿಸಬೇಕು ಅಂತ ಬಂತು. ಸಂಖ್ಯೆ ಪರದೆಯವರೆಗೂ ಬಂದಿರುತ್ತದೆ, ತೋರಿಸಲು ಹೊಸದಾಗಿ ಏನೂ ಬರೆಯಬೇಕಿಲ್ಲ. ಬಚ್ಚಿಡಲಿಕ್ಕೇ ಒಂದು ಸಾಲು ಹೆಚ್ಚಿಗೆ ಬರೆಯಬೇಕಿತ್ತು. ಆ ಸಾಲು ಬರೆದವನು ನಾನು. ಮೀಟಿಂಗಿನಲ್ಲಿ ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಟೆಸ್ಟ್ ಪಾಸಾಯಿತು, ಮನೆಗೆ ಹೋದೆ.

ಅಂಕಲ್ ಲಾರಿ ನಾನು ಕೆಲಸ ಮಾಡಿದ ಗಾಡಿಯಲ್ಲ. ಆದರೆ ಅವರು ಟೀ ಕುಡಿಯುತ್ತಾ "ನಿಮ್ಮಂಥೋರೇ ಅಲ್ವೇನಪ್ಪಾ ಇದನ್ನ ಬರೆಯೋದು?" ಅಂತ ಸುಮ್ಮನೆ ಕೇಳಿದಾಗ ನನಗೆ ಬಜ್ಜಿ ಗಂಟಲಲ್ಲಿ ಸಿಕ್ಕಿಕೊಂಡಿತು. ಮುಂದಿನ ಪ್ರಾಜೆಕ್ಟಿನ ರಿವ್ಯೂ ಬರುವ ತಿಂಗಳು ಇದೆ. ಈ ಸಲ ಕೈ ಎತ್ತಿ ಕೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ನನ್ನ ಮಟ್ಟದವನ ಮಾತಿಗೆ ಅಲ್ಲಿ ಅಂಥಾ ತೂಕವೇನೂ ಇಲ್ಲ. ಕೇಳಿದ ಮೇಲೆ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

ನಿಮ್ಮಲ್ಲಿ ಯಾರಾದರೂ ಇಂಥ ಸಾಲು ಬರೆದಿದ್ದೀರಾ? ಅಥವಾ ನಿಮ್ಮ ಮನೆಯಲ್ಲಿ ಲಾರಿ, ಟ್ರ್ಯಾಕ್ಟರ್ ಇದ್ದು ಹೀಗೆ ದೀಪ ನೋಡಿಕೊಂಡು ಕೂತಿದ್ದೀರಾ? ಬರೆಯಿರಿ, ಓದೋಣ. ಅಂದಹಾಗೆ ಮಂಡಕ್ಕಿ, ಬಜ್ಜಿ ಆಯಿತು, ಬೆಣ್ಣೆದೋಸೆ ಮಾತ್ರ ಬಾಕಿ ಉಳಿದಿದೆ. ಹಾಗಾಗಿ ಬೇಗ ಇನ್ನೊಮ್ಮೆ ಊರಿಗೆ :-)